ಬಳಕೆಯಲ್ಲಿರುವ ಡಿಸ್ಕಿನ ತಪಾಸಣೆ: ಕಾಣುವುದೆಷ್ಟು, ದುರಸ್ತಿಯಾಗುವುದೆಷ್ಟು

20 ಟೆರಾಬೈಟ್ ಸಾಮರ್ಥ್ಯದ ಒಂದು ಹಾರ್ಡ್ ಡಿಸ್ಕನ್ನು ಸೆಕೆಂಡಿಗೆ ಸರಾಸರಿ 200 ಮೆಗಾಬೈಟ್ ವೇಗದಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಲು ಸುಮಾರು 28 ಗಂಟೆ ಬೇಕು. ಡಿಸ್ಕುಗಳ ಸಾಮರ್ಥ್ಯ ಬೆಳೆದಷ್ಟು ಅವುಗಳ ಓದುವ ವೇಗ ಬೆಳೆದಿಲ್ಲವಾದ್ದರಿಂದ ಈ ಅವಧಿ ಹಿಗ್ಗುತ್ತಲೇ ಬಂದಿದೆ. ಫೈಲ್ ಸಿಸ್ಟಮ್‌ನ (ಯಾವ ಫೈಲು ಡಿಸ್ಕಿನಲ್ಲಿ ಎಲ್ಲಿದೆ ಎಂಬುದನ್ನು ನೋಡಿಕೊಳ್ಳುವ ವ್ಯವಸ್ಥೆಯ) ರಚನೆಯನ್ನು ಮಾತ್ರ ಪರೀಕ್ಷಿಸುವ ಉಪಕರಣಗಳು ಡಿಸ್ಕಿನಲ್ಲಿರುವ ಎಲ್ಲವನ್ನೂ ಓದುವುದಿಲ್ಲ, ನಿಜ. ಆದರೂ ಕೋಟಿಗಟ್ಟಲೆ ಫೈಲುಗಳಿರುವ ಕಡೆ ಆ ಕೆಲಸವೂ ಗಂಟೆಗಟ್ಟಲೆ ಹಿಡಿಯುತ್ತದೆ, ಮತ್ತು ಹಳೆಯ ಕ್ರಮದಲ್ಲಿ ಅಷ್ಟು ಹೊತ್ತೂ ಆ ಡಿಸ್ಕನ್ನು ಯಾರೂ ಬಳಸುವಂತಿಲ್ಲ. ಹಗಲು ರಾತ್ರಿ ಕೆಲಸ ಮಾಡಬೇಕಾದ ಸರ್ವರ್‌ಗಳಿಗೆ ಇಂಥ ಬಿಡುವು ಸಿಗುವುದಿಲ್ಲ. ಬಿಡುವು ಸಿಗುವುದಿಲ್ಲವಾದ್ದರಿಂದ ತಪಾಸಣೆಯೇ ನಡೆಯುವುದಿಲ್ಲ. ದೋಷ ಎಲ್ಲೋ ಮೂಲೆಯಲ್ಲಿ ಕೂತು, ಎಷ್ಟೋ ತಿಂಗಳ ನಂತರ ಬೇಕಾದ ಫೈಲು ತೆರೆಯದಿದ್ದಾಗಲೇ ಗೊತ್ತಾಗುತ್ತದೆ.

ಯಂತ್ರವನ್ನು ನಿಲ್ಲಿಸದೆ, ಓದು ಬರಹ ನಡೆಯುತ್ತಿರುವಾಗಲೇ ಡಿಸ್ಕನ್ನು ಪರೀಕ್ಷಿಸಬಲ್ಲ ವಿಧಾನಗಳು ಈಗ ಎಲ್ಲ ಮುಖ್ಯ ಆಪರೇಟಿಂಗ್ ಸಿಸ್ಟಮ್‌ಗಳಲ್ಲೂ ಒಂದಲ್ಲ ಒಂದು ರೂಪದಲ್ಲಿವೆ. ವಿಂಡೋಸ್‌ನಲ್ಲಿ 2012ರಿಂದ, ಲಿನಕ್ಸ್‌ನ ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ನಲ್ಲಿ ದುರಸ್ತಿಯ ಸಮೇತ 2024ರಿಂದ ಇದು ಸಾಧ್ಯವಾಗಿದೆ. ಆದರೆ ‘ಡಿಸ್ಕ್ ಪರೀಕ್ಷಿಸಲಾಗಿದೆ, ದೋಷವಿಲ್ಲ’ ಎಂಬ ಒಂದೇ ಸಾಲು ಒಂದೊಂದು ಉಪಕರಣದ ಬಾಯಲ್ಲಿ ಒಂದೊಂದು ಅರ್ಥ ಕೊಡುತ್ತದೆ. ಬಳಕೆಯಲ್ಲಿರುವ ಡಿಸ್ಕಿನಲ್ಲಿ ಯಾವ ದೋಷವನ್ನು ಕಾಣಬಹುದು, ಯಾವುದನ್ನು ಸರಿಪಡಿಸಬಹುದು ಎಂಬುದು ಉಪಕರಣದ ಜಾಣ್ಮೆಗಿಂತ ಹೆಚ್ಚಾಗಿ ಆ ಫೈಲ್ ಸಿಸ್ಟಮ್ ಪ್ರತಿಯೊಂದು ಸಂಗತಿಗೂ ಎರಡನೆಯ ದಾಖಲೆಯೊಂದನ್ನು ಇಟ್ಟುಕೊಂಡಿದೆಯೇ ಎಂಬುದನ್ನು ಅವಲಂಬಿಸಿದೆ. ಆ ದಾಖಲೆ ಇರಬೇಕೋ ಬೇಡವೋ ಎಂಬುದು ಬಹುಮಟ್ಟಿಗೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದ ದಿನವೇ ತೀರ್ಮಾನವಾಗಿರುತ್ತದೆ.

ಹಳೆಯ ತಪಾಸಣಾ ಉಪಕರಣವನ್ನೇ ಬಳಕೆಯಲ್ಲಿರುವ ಡಿಸ್ಕಿನ ಮೇಲೆ ಏಕೆ ಓಡಿಸಬಾರದು ಎಂಬುದನ್ನು ಮೊದಲು ತಿಳಿಯಬೇಕು. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್, ಫೈಲ್ ಸಿಸ್ಟಮ್‌ನ ಇತ್ತೀಚಿನ ಸ್ಥಿತಿಯನ್ನು ಮೆಮೊರಿಯಲ್ಲಿ ಇಟ್ಟುಕೊಂಡು, ಬದಲಾವಣೆಗಳನ್ನು ಸ್ವಲ್ಪ ತಡವಾಗಿ ಡಿಸ್ಕಿಗೆ ಬರೆಯುತ್ತದೆ. ಒಂದು ಫೈಲನ್ನು ಅಳಿಸಿದಾಗ ಫೋಲ್ಡರಿನಿಂದ ಅದರ ಹೆಸರು ಹೋಗಿದ್ದು, ಅದು ಹಿಡಿದಿದ್ದ ಜಾಗ ಖಾಲಿಯಾಯಿತೆಂಬ ಗುರುತು ಇನ್ನೂ ಡಿಸ್ಕನ್ನು ತಲುಪದೆ ಇರಬಹುದು. ಅದೇ ಹೊತ್ತಿಗೆ ಎಫ್‌ಎಸ್‌ಸಿಕೆಯಂಥ ಹಳೆಯ ತಪಾಸಣಾ ಉಪಕರಣ ಕರ್ನಲನ್ನು ಕೇಳದೆ ನೇರವಾಗಿ ಡಿಸ್ಕನ್ನು ಓದಿದರೆ, ಅರ್ಧ ಹಳೆಯದು ಅರ್ಧ ಹೊಸದು ಆದ ಒಂದು ಚಿತ್ರ ಅದರ ಕಣ್ಣಿಗೆ ಬೀಳುತ್ತದೆ. ಇಲ್ಲದ ದೋಷವನ್ನು ಅದು ‘ಕಂಡುಹಿಡಿಯುತ್ತದೆ’. ಬರೀ ವರದಿ ಕೊಟ್ಟು ಸುಮ್ಮನಾದರೆ ಸುಳ್ಳು ಗಾಬರಿಯಷ್ಟೇ. ಸರಿಪಡಿಸಲು ಹೊರಟರೆ ಅನಾಹುತ. ಏಕೆಂದರೆ ಡಿಸ್ಕಿನಲ್ಲಿ ಆದ ತಿದ್ದುಪಡಿ ಕರ್ನಲ್‌ಗೆ ತಿಳಿಯುವುದಿಲ್ಲ, ಅದು ತನ್ನ ಮೆಮೊರಿಯಲ್ಲಿದ್ದ ಹಳೆಯ ಪ್ರತಿಯನ್ನು ಮತ್ತೆ ಅದರ ಮೇಲೆ ಬರೆಯುತ್ತದೆ, ಮತ್ತು ಅಲ್ಲಿಯವರೆಗೆ ಚೆನ್ನಾಗಿದ್ದ ಫೈಲ್ ಸಿಸ್ಟಮ್ ನಿಜವಾಗಿಯೂ ಕೆಡುತ್ತದೆ. ಲಿನಕ್ಸ್‌ನ ಇದೇ ಬಗೆಯ ಉಪಕರಣ ಇ2ಎಫ್‌ಎಸ್‌ಸಿಕೆ ಇಂಥ ಸಂದರ್ಭದಲ್ಲಿ ಕಟುವಾದ ಎಚ್ಚರಿಕೆ ಕೊಡುವುದು ಈ ಕಾರಣಕ್ಕೇ. ಅದನ್ನು ಎಂದಿಗೂ ದಾಟಿ ಮುಂದೆ ಹೋಗಬಾರದು.

ಹಾಗಾದರೆ ನಡೆಯುತ್ತಿರುವ ಡಿಸ್ಕನ್ನು ಕುರಿತು ಯಾವ ಪ್ರಶ್ನೆಗಳನ್ನು ಕೇಳಬಹುದು? ಡಿಸ್ಕಿನ ಪ್ರತಿಯೊಂದು ಸೆಕ್ಟರೂ (ಒಮ್ಮೆಗೆ ಓದುವ ಅತಿ ಚಿಕ್ಕ ತುಣುಕೂ) ಓದಲು ಬರುತ್ತದೆಯೇ ಎಂಬುದು ಒಂದು. ಓದಿ ಬಂದದ್ದು ಹಿಂದೆ ಬರೆದದ್ದೇ ಹೌದೇ ಎಂಬುದು ಇನ್ನೊಂದು. ಫೋಲ್ಡರ್, ಫೈಲು, ಖಾಲಿ ಜಾಗದ ಪಟ್ಟಿ ಇವೆಲ್ಲ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂಬುದು ಮತ್ತೂ ಬೇರೆಯದು. ಈ ಪ್ರಶ್ನೆಗಳಲ್ಲಿ ಒಂದಕ್ಕೆ ‘ಹೌದು’ ಎಂಬ ಉತ್ತರ ಬಂದ ಮಾತ್ರಕ್ಕೆ ಉಳಿದವುಗಳಿಗೂ ಅದೇ ಉತ್ತರವೆಂದು ಭಾವಿಸುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ.

ಮೊದಲ ಪ್ರಶ್ನೆಗೆ ಉತ್ತರ ಕೊಡುವುದು ಡಿಸ್ಕ್ ತಾನೇ. ತನ್ನ ಆರೋಗ್ಯವನ್ನು ತಾನೇ ಗಮನಿಸುವ, ಡಿಸ್ಕಿನೊಳಗಿನ ಸ್ಮಾರ್ಟ್ ವ್ಯವಸ್ಥೆಗೆ ದೀರ್ಘ ಸ್ವಯಂಪರೀಕ್ಷೆ ನಡೆಸುವಂತೆ ಹೇಳಿದರೆ ಅದು ಹೊರಗಿನಿಂದ ಕೆಲಸ ಬಂದಾಗ ಬಿಟ್ಟುಕೊಟ್ಟು, ಬಿಡುವಾದಾಗ ಮುಂದುವರಿದು, ತನ್ನ ಮೇಲ್ಮೈಯನ್ನೆಲ್ಲ ಓದಿ ನೋಡುತ್ತದೆ. ಫೈಲ್ ಸಿಸ್ಟಮ್ ಯಾವುದೆಂಬುದು ಇದಕ್ಕೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಆದ್ದರಿಂದಲೇ ಬಳಕೆಯಲ್ಲಿರುವ ಡಿಸ್ಕಿನ ಮೇಲೆ ಇದನ್ನು ನಿರ್ಭಯವಾಗಿ ನಡೆಸಬಹುದು. ಇದರ ಬೆಲೆಯೇನು ಎಂಬುದನ್ನು ದೊಡ್ಡ ಪ್ರಮಾಣದ ಅಧ್ಯಯನಗಳು ತೋರಿಸಿಕೊಟ್ಟಿವೆ. ಗೂಗಲ್ ತನ್ನ ಡಿಸ್ಕುಗಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲ್ಮೈ ಪರೀಕ್ಷೆಯಲ್ಲಿ ಮೊದಲ ದೋಷ ಕಾಣಿಸಿಕೊಂಡ ಡಿಸ್ಕುಗಳು, ಅಂಥ ದೋಷವಿಲ್ಲದವುಗಳಿಗಿಂತ, ಮುಂದಿನ 60 ದಿನಗಳಲ್ಲಿ ಕೆಟ್ಟುಹೋಗುವ ಸಾಧ್ಯತೆ 39 ಪಟ್ಟು ಹೆಚ್ಚೆಂದು ಕಂಡುಬಂತು. ಅದೇ ಅಧ್ಯಯನದ ಇನ್ನೊಂದು ಮಾತನ್ನೂ ಜೊತೆಗೇ ಓದಬೇಕು: ಕೆಟ್ಟುಹೋದ ಡಿಸ್ಕುಗಳಲ್ಲಿ ಶೇಕಡಾ 36ಕ್ಕೂ ಹೆಚ್ಚಿನವುಗಳಲ್ಲಿ, ತಾಪಮಾನವೊಂದನ್ನು ಬಿಟ್ಟರೆ, ಸ್ಮಾರ್ಟ್ ಯಾವ ಸೂಚನೆಯನ್ನೂ ಕೊಟ್ಟಿರಲಿಲ್ಲ. ಅಂದರೆ ಸ್ಮಾರ್ಟ್ ದೋಷವಿದೆ ಎಂದರೆ ನಂಬಬೇಕು, ದೋಷವಿಲ್ಲ ಎಂದರೆ ಅಷ್ಟರಿಂದಲೇ ನಿಶ್ಚಿಂತರಾಗಬಾರದು.

ನೆಟ್‌ಆ್ಯಪ್ ಕಂಪನಿಯ ಸಂಗ್ರಹ ವ್ಯವಸ್ಥೆಗಳಲ್ಲಿದ್ದ 15.3 ಲಕ್ಷ ಡಿಸ್ಕುಗಳನ್ನು 32 ತಿಂಗಳ ಕಾಲ ಗಮನಿಸಿದ, ಅದೇ ವರ್ಷ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಶೇಕಡಾ 3.45ರಷ್ಟು ಡಿಸ್ಕುಗಳಲ್ಲಿ ಓದಲಾಗದ ಸೆಕ್ಟರುಗಳು ಕಂಡುಬಂದವು. ಇಂಥ ದೋಷಗಳಲ್ಲಿ ಶೇಕಡಾ 60ಕ್ಕೂ ಹೆಚ್ಚಿನವನ್ನು ಪತ್ತೆಮಾಡಿದ್ದು ಹಿನ್ನೆಲೆಯಲ್ಲಿ ನಿಯತವಾಗಿ ನಡೆಯುತ್ತಿದ್ದ ಪೂರ್ಣ ಓದು, ಅಂದರೆ ಸ್ಕ್ರಬ್. ಯಾರೂ ಕೇಳದ ಫೈಲುಗಳಲ್ಲಿ ಅಡಗಿದ ದೋಷವನ್ನು ಬೇರೆ ಯಾವ ದಾರಿಯಿಂದಲೂ ಸಕಾಲದಲ್ಲಿ ಕಾಣಲಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಅನೇಕ ಡಿಸ್ಕುಗಳನ್ನು ಸೇರಿಸಿ ಕಟ್ಟಿದ ರೇಡ್ ವ್ಯವಸ್ಥೆಯಲ್ಲಂತೂ ಇದು ಅತ್ಯಗತ್ಯ. ಒಂದು ಡಿಸ್ಕ್ ಸತ್ತ ಮೇಲೆ ಉಳಿದವುಗಳಿಂದ ಅದನ್ನು ಮರುಕಟ್ಟುವಾಗ, ಆ ಉಳಿದವುಗಳಲ್ಲಿ ಮೊದಲೇ ಕೆಟ್ಟಿದ್ದ ಒಂದು ಸೆಕ್ಟರ್ ಎದುರಾದರೆ ಅಲ್ಲಿನ ಮಾಹಿತಿ ಮರಳಿ ಬರುವುದಿಲ್ಲ. ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್‌ನಲ್ಲಿ ರೇಡ್‌ನ ತಪಾಸಣೆಯನ್ನು ತಿಂಗಳ ಮೊದಲ ಭಾನುವಾರ ತಾನಾಗಿ ನಡೆಯುವಂತೆ ಇಟ್ಟಿರುವುದು ಈ ಆಪತ್ತನ್ನು ಮುಂಚೆಯೇ ಕಾಣಲೆಂದು.

ಆದರೆ ಓದಲು ಬರುವುದೆಲ್ಲ ಸರಿಯಾದದ್ದಲ್ಲ. ಡಿಸ್ಕಿನೊಳಗಿನ ಸಾಫ್ಟ್‌ವೇರ್ (ಫರ್ಮ್‌ವೇರ್), ಡಿಸ್ಕನ್ನು ನಿಯಂತ್ರಿಸುವ ಕಂಟ್ರೋಲರ್, ಕೇಬಲ್, ಮೆಮೊರಿ ಇವುಗಳಲ್ಲಿ ಯಾವುದು ತಪ್ಪಿದರೂ ಡಿಸ್ಕಿನಲ್ಲಿ ಬೇರೇನೋ ಬರೆದಿರುತ್ತದೆ, ಮತ್ತು ಡಿಸ್ಕ್ ಅದನ್ನು ಯಾವ ದೂರೂ ಇಲ್ಲದೆ ಹಿಂದಿರುಗಿಸುತ್ತದೆ. ಮೇಲಿನ ಡಿಸ್ಕುಗಳನ್ನೇ 41 ತಿಂಗಳು ಅವಲೋಕಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ, ಚೆಕ್‌ಸಮ್ (ಮಾಹಿತಿ ಬದಲಾಗಿದೆಯೇ ಎಂದು ತಿಳಿಯಲು ಅದರಿಂದಲೇ ಲೆಕ್ಕಹಾಕಿ ಇಟ್ಟ ಸಂಖ್ಯೆ) ಹೊಂದಾಣಿಕೆ ತಪ್ಪಿದ 4 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ಸಿಕ್ಕವು. ರೇಡ್‌ನ ಸಾಮಾನ್ಯ ತಪಾಸಣೆಗೆ ಇಲ್ಲಿ ಒಂದು ದೊಡ್ಡ ಮಿತಿಯಿದೆ. ಒಂದೇ ಮಾಹಿತಿಯ ಎರಡು ಪ್ರತಿಗಳು ಬೇರೆ ಬೇರೆ ಇವೆಯೆಂದು ಅದು ಹೇಳಬಲ್ಲದು, ಯಾವುದು ಸರಿಯೆಂದು ಹೇಳಲಾರದು. ಲಿನಕ್ಸ್‌ನಲ್ಲಿರುವ ಎಂಡಿ ಎಂಬ ರೇಡ್ ವ್ಯವಸ್ಥೆಗೆ ‘ರಿಪೇರ್’ ಎಂದು ಆದೇಶಿಸಿದರೆ ಕನ್ನಡಿ ಪ್ರತಿಗಳಲ್ಲಿ ಒಂದನ್ನು ಇನ್ನೊಂದರ ಮೇಲೆ ನಕಲು ಮಾಡಿ ಎರಡನ್ನೂ ಒಂದೇ ಮಾಡುತ್ತದೆ. ಒಳ್ಳೆಯ ಪ್ರತಿಯ ಮೇಲೆ ಕೆಟ್ಟದ್ದು ಕೂರಬಹುದಾದ ಸಾಧ್ಯತೆಯೂ ಅದರಲ್ಲೇ ಇದೆ. ಆದ್ದರಿಂದ ಮೊದಲು ಬರೀ ‘ಚೆಕ್’ ಓಡಿಸಿ, ವ್ಯತ್ಯಾಸವೇಕೆ ಬಂತೆಂದು ತಿಳಿದ ಮೇಲಷ್ಟೇ ಮುಂದಿನ ಹೆಜ್ಜೆ ಇಡಬೇಕು.

2005ರಲ್ಲಿ ಹೊರಬಂದ ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಈ ತೊಡಕನ್ನು ಬುಡದಲ್ಲೇ ಬಿಡಿಸಲು ಯತ್ನಿಸಿತು. ಅದರಲ್ಲಿ ಪ್ರತಿಯೊಂದು ಬ್ಲಾಕಿನ (ಮಾಹಿತಿಯ ತುಣುಕಿನ) ಚೆಕ್‌ಸಮ್ ಆ ಬ್ಲಾಕಿನಲ್ಲಿರದೆ, ಅದನ್ನು ಸೂಚಿಸುವ ಮೇಲಿನ ಬ್ಲಾಕಿನಲ್ಲಿರುತ್ತದೆ. ಹೀಗಾಗಿ ತಪ್ಪು ಜಾಗಕ್ಕೆ ಹೋದ ಬರಹವೂ, ಬರೆದೆನೆಂದು ಹೇಳಿ ಬರೆಯದೆ ಬಿಟ್ಟ ಡಿಸ್ಕಿನ ಸುಳ್ಳೂ ಬಯಲಾಗುತ್ತವೆ. ಸ್ಕ್ರಬ್ ನಡೆಯುವಾಗ ಒಂದು ಪ್ರತಿ ಕೆಟ್ಟಿದ್ದರೆ ಇನ್ನೊಂದರಿಂದ ತೆಗೆದು ಸರಿಪಡಿಸುತ್ತದೆ. ಬಳಕೆದಾರರಿಗೆ ಇದರ ಸುಳಿವೂ ಸಿಗುವುದಿಲ್ಲ. ಒಂದೇ ಡಿಸ್ಕ್ ಇದ್ದರೂ ಝಡ್‌ಎಫ್‌ಎಸ್ ರಚನೆಗೆ ಸಂಬಂಧಿಸಿದ ಮಾಹಿತಿಯನ್ನು ಸಹಜವಾಗಿಯೇ ಒಂದಕ್ಕಿಂತ ಹೆಚ್ಚು ಕಡೆ ಇಡುತ್ತದೆ. ಫೈಲಿನೊಳಗಿನ ಮಾಹಿತಿ ಮಾತ್ರ ಒಂದೇ ಪ್ರತಿಯಲ್ಲಿದ್ದರೆ, ಕೆಟ್ಟಿದೆಯೆಂದು ಖಚಿತವಾಗಿ ತಿಳಿಯುತ್ತದೆಯೇ ಹೊರತು ಮರಳಿ ಬರುವುದಿಲ್ಲ. ಲಿನಕ್ಸ್‌ನ ಬಿಟಿಆರ್‌ಎಫ್‌ಎಸ್ ಫೈಲ್ ಸಿಸ್ಟಮ್‌ನ ಸ್ಕ್ರಬ್ ಕೂಡ ಇದೇ ಜಾತಿಯದು.

ಸ್ಕ್ರಬ್ ಯಶಸ್ವಿಯಾಯಿತು ಎಂದರೆ ಫೈಲ್ ಸಿಸ್ಟಮ್ ಸಂಪೂರ್ಣ ಆರೋಗ್ಯವಾಗಿದೆ ಎಂದು ಬರೆಯುವವರನ್ನು ಕಂಡಾಗ ಕಳವಳವಾಗುತ್ತದೆ. ಚೆಕ್‌ಸಮ್ ಹೇಳುವುದು ಬರೆದದ್ದೇ ಅಲ್ಲಿದೆ ಎಂದಷ್ಟೇ. ಕರ್ನಲ್‌ನ ಸಾಫ್ಟ್‌ವೇರ್ ದೋಷದಿಂದಲೋ, ಕೆಟ್ಟ ಮೆಮೊರಿಯಿಂದಲೋ, ಬರೆಯುವ ಮೊದಲೇ ತಪ್ಪಾಗಿದ್ದ ಮಾಹಿತಿಗೆ ಸರಿಯಾದ ಚೆಕ್‌ಸಮ್ ಕಟ್ಟಿ ಬರೆದಿದ್ದರೆ ಸ್ಕ್ರಬ್ ಅದನ್ನು ಒಪ್ಪಿಕೊಂಡು ಮುಂದೆ ಹೋಗುತ್ತದೆ. ಒಂದೇ ಜಾಗವನ್ನು ಎರಡು ಫೈಲುಗಳು ತಮ್ಮದೆನ್ನುತ್ತಿವೆಯೇ, ಖಾಲಿ ಎಂದು ಬರೆದ ಜಾಗ ನಿಜಕ್ಕೂ ಖಾಲಿಯೇ ಎಂಬುದು ಮೂರನೆಯ ಪ್ರಶ್ನೆ, ಮತ್ತು ಮೂರರಲ್ಲಿ ಅತ್ಯಂತ ಕಠಿಣವಾದದ್ದೂ ಅದೇ.

ಯೂನಿಕ್ಸ್‌ಗಾಗಿ 1970ರ ದಶಕದ ಕೊನೆಯಲ್ಲಿ ಬೆಲ್ ಲ್ಯಾಬ್ಸ್‌ನ ಟೆಡ್ ಕೊವಾಲ್ಸ್ಕಿ ಬರೆದ ಎಫ್‌ಎಸ್‌ಸಿಕೆ ಆ ಪ್ರಶ್ನೆಗೆ ಡಿಸ್ಕನ್ನು ಪಕ್ಕಕ್ಕಿಟ್ಟುಕೊಂಡು ಉತ್ತರ ಹುಡುಕುತ್ತಿತ್ತು. ಮುಂದೆ ಜರ್ನಲ್ (ಮಾಡಲಿರುವ ಬದಲಾವಣೆಯನ್ನು ಮೊದಲೇ ಬರೆದಿಡುವ ದಾಖಲೆ) ಇರುವ ಫೈಲ್ ಸಿಸ್ಟಮ್‌ಗಳು ಬಂದಾಗ ಇನ್ನು ಇದರ ಅಗತ್ಯವೇ ಇಲ್ಲವೆಂಬ ಭಾವನೆ ಹರಡಿತು. ಅದು ಅರ್ಧ ಸತ್ಯ. ವಿದ್ಯುತ್ ಹಠಾತ್ತನೆ ಹೋದಾಗ ಅರ್ಧಕ್ಕೆ ನಿಂತ ಕೆಲಸವನ್ನು ಜರ್ನಲ್ ಪೂರ್ಣಗೊಳಿಸುತ್ತದೆ ಅಥವಾ ಕೈಬಿಡುತ್ತದೆ. ಡಿಸ್ಕಿನಲ್ಲಿ ತಾನಾಗಿ ಕೆಟ್ಟದ್ದರ ಬಗ್ಗೆಯಾಗಲಿ, ತಪ್ಪಾಗಿ ಬರೆದದ್ದರ ಬಗ್ಗೆಯಾಗಲಿ ಅದಕ್ಕೆ ಏನೂ ತಿಳಿಯದು. ಹಿಂದೆ ಲಿನಕ್ಸ್‌ನ ಇಎಕ್ಸ್‌ಟಿ ಕುಟುಂಬದ ಫೈಲ್ ಸಿಸ್ಟಮ್‌ಗಳಲ್ಲಿ ಇಷ್ಟು ಬಾರಿ ಮೌಂಟ್ ಮಾಡಿದ (ಬಳಕೆಗೆ ಜೋಡಿಸಿದ) ಮೇಲೆ ಅಥವಾ 180 ದಿನಗಳಾದ ಮೇಲೆ ಪೂರ್ಣ ತಪಾಸಣೆ ತಾನಾಗಿ ನಡೆಯುತ್ತಿತ್ತು. ಕಂಪ್ಯೂಟರ್ ಶುರುವಾಗಲು ಹಿಡಿಯುವ ಹೊತ್ತು ಅಸಹನೀಯವಾದ್ದರಿಂದ ಹೊಸ ಫೈಲ್ ಸಿಸ್ಟಮ್‌ಗಳಲ್ಲಿ ಆ ವ್ಯವಸ್ಥೆಯನ್ನು ಮೊದಲಿನಿಂದಲೇ ನಿಲ್ಲಿಸಿರುತ್ತಾರೆ. ತೊಂದರೆ ತಪ್ಪಿತು, ಅದರ ಜೊತೆಗೆ ತಪಾಸಣೆಯೂ ತಪ್ಪಿತು.

ಈ ಕೊರತೆಯನ್ನು ತುಂಬಲು ಸ್ನ್ಯಾಪ್‌ಶಾಟ್ ಒಂದು ದಾರಿ. ಓಡುತ್ತಿರುವ ಫೈಲ್ ಸಿಸ್ಟಮ್‌ನ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟು, ಆ ಅಲುಗಾಡದ ಪ್ರತಿಯ ಮೇಲೆ ಹಳೆಯ ಉಪಕರಣವನ್ನೇ ಓಡಿಸುವುದು. ಯೂನಿಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಮ್ ಆದ ಫ್ರೀಬಿಎಸ್‌ಡಿಯ 2003ರ 5.0 ಆವೃತ್ತಿಯಲ್ಲಿ, ಕರ್ಕ್ ಮೆಕ್ಯೂಸಿಕ್ ಅಳವಡಿಸಿದ ಸಾಫ್ಟ್ ಅಪ್‌ಡೇಟ್ಸ್ ತಂತ್ರವನ್ನು ಆಧರಿಸಿ ಹಿನ್ನೆಲೆ ಎಫ್‌ಎಸ್‌ಸಿಕೆ ಬಂತು. ಬರಹಗಳ ಕ್ರಮವನ್ನು ಎಚ್ಚರದಿಂದ ಕಾಯ್ದುಕೊಂಡಿದ್ದರೆ, ಯಂತ್ರ ಕುಸಿದಾಗ ಉಳಿಯಬಹುದಾದ ದೋಷವೆಂದರೆ ಯಾರದೂ ಅಲ್ಲದೆ ಹಿಡಿದಿಟ್ಟ ಜಾಗ ಮಾತ್ರ. ಅದನ್ನು ಯಂತ್ರ ಕೆಲಸ ಮಾಡುತ್ತಿರುವಾಗಲೇ ಬಿಡಿಸಬಹುದು ಎಂಬುದು ಅದರ ಹಿಂದಿನ ವಿಚಾರ. ಲೆಕ್ಕಾಚಾರ ಸರಿಯಾದದ್ದೇ, ಆದರೆ ಡಿಸ್ಕ್ ಪ್ರಾಮಾಣಿಕವಾಗಿದೆ ಎಂಬ ನಂಬಿಕೆಯ ಮೇಲೆ ನಿಂತದ್ದು. ಬೇರೆ ಬಗೆಯ ದೋಷ ಎದುರಾದರೆ ಹಿನ್ನೆಲೆಯ ತಪಾಸಣೆ ಕೈಚೆಲ್ಲಿ ಪೂರ್ಣ ತಪಾಸಣೆಯನ್ನೇ ಕೇಳುತ್ತಿತ್ತು. ಇಎಕ್ಸ್‌ಟಿ4ಗಾಗಿ ಈಗಿರುವ ಇ2ಸ್ಕ್ರಬ್ ಇದಕ್ಕಿಂತ ವಿನಯದ ಸಾಧನ. ಡಿಸ್ಕನ್ನು ಲಿನಕ್ಸ್‌ನ ಜಾಗ ಹಂಚುವ ವ್ಯವಸ್ಥೆಯಾದ ಎಲ್‌ವಿಎಂ ಮೂಲಕ ಕಟ್ಟಿದ್ದು, ಅದರಲ್ಲಿ ಸಾಮಾನ್ಯವಾಗಿ 256 ಮೆಗಾಬೈಟ್ ಜಾಗ ಹಂಚದೆ ಉಳಿದಿದ್ದರೆ, ಇದು ಸ್ನ್ಯಾಪ್‌ಶಾಟ್ ತೆಗೆದು ಪರೀಕ್ಷಿಸುತ್ತದೆ. ದೋಷ ಕಂಡರೆ ತಾನು ಏನನ್ನೂ ಮುಟ್ಟದೆ, ಮುಂದಿನ ಸಲ ಯಂತ್ರ ಶುರುವಾಗುವಾಗ ಪೂರ್ಣ ತಪಾಸಣೆ ನಡೆಯುವಂತೆ ಗುರುತು ಹಾಕಿಡುತ್ತದೆ. ಕಾಣುವುದು ಓಡುವಾಗ, ಸರಿಪಡಿಸುವುದು ನಿಂತಾಗ.

ವಿಂಡೋಸ್ 8 ಮತ್ತು ವಿಂಡೋಸ್ ಸರ್ವರ್ 2012ರಲ್ಲಿ ಮೈಕ್ರೋಸಾಫ್ಟ್ ತನ್ನ ಎನ್‌ಟಿಎಫ್‌ಎಸ್ ಫೈಲ್ ಸಿಸ್ಟಮ್‌ನ ತಪಾಸಣೆಯನ್ನು ಹೊಸದಾಗಿ ರೂಪಿಸಿದಾಗ ಈ ವಿಭಜನೆಯನ್ನೇ ಇನ್ನಷ್ಟು ಹದಗೊಳಿಸಿತು. ಅಲ್ಲಿ ಸ್ಕ್ಯಾನ್ ಬಳಕೆಯ ನಡುವೆಯೇ ನಡೆದು, ಸಾಧ್ಯವಾದದ್ದನ್ನು ಅಲ್ಲೇ ಸರಿಪಡಿಸಿ, ಉಳಿದ ದೋಷಗಳ ನಿಖರ ಜಾಗವನ್ನು ಪಟ್ಟಿಮಾಡಿಡುತ್ತದೆ. ಆಮೇಲೆ ‘ಸ್ಪಾಟ್‌ಫಿಕ್ಸ್’ ಹಂತದಲ್ಲಿ ಡಿಸ್ಕನ್ನು ಕೆಲವು ಸೆಕೆಂಡುಗಳ ಮಟ್ಟಿಗೆ ನಿಲ್ಲಿಸಿ ಆ ಪಟ್ಟಿಯಲ್ಲಿರುವಷ್ಟನ್ನು ಮಾತ್ರ ತಿದ್ದಲಾಗುತ್ತದೆ. ಡಿಸ್ಕ್ ನಿಲ್ಲಬೇಕಾದ ಕಾಲ ಫೈಲುಗಳ ಸಂಖ್ಯೆಯನ್ನು ಅವಲಂಬಿಸದೆ ದೋಷಗಳ ಸಂಖ್ಯೆಯನ್ನು ಅವಲಂಬಿಸುವಂತೆ ಮಾಡಿದ್ದು ಇದರ ನಿಜವಾದ ಸಾಧನೆ. ಎಷ್ಟೋ ಬಳಕೆದಾರರು ಇಂದಿಗೂ ವಿಂಡೋಸ್‌ನ ತಪಾಸಣಾ ಉಪಕರಣ ಚೆಕ್‌ಡಿಸ್ಕ್ ಎಂದರೆ ಇಡೀ ರಾತ್ರಿಯ ಕಾಯುವಿಕೆಯೆಂದು ಹೆದರುತ್ತಾರೆ; ‘ಸ್ಕ್ಯಾನ್’ ಆಯ್ಕೆಯೊಂದಿಗೆ ಅದನ್ನು ಓಡಿಸಿದರೆ ಹಾಗಾಗುವುದಿಲ್ಲ.

ಓಡುತ್ತಿರುವಾಗಲೇ ದುರಸ್ತಿಯನ್ನೂ ಮಾಡುವ ಅತ್ಯಂತ ಮಹತ್ವಾಕಾಂಕ್ಷೆಯ ಪ್ರಯತ್ನ ಎಕ್ಸ್‌ಎಫ್‌ಎಸ್‌ನದು. ಡ್ಯಾರಿಕ್ ವಾಂಗ್ ಅವರ ಮುಂದಾಳತ್ವದಲ್ಲಿ ವರ್ಷಗಟ್ಟಲೆ ನಡೆದ ಈ ಕೆಲಸದ ತಪಾಸಣಾ ಭಾಗ ಮೊದಲು ಲಿನಕ್ಸ್‌ಗೆ ಸೇರಿತು. ದುರಸ್ತಿಯ ಬಹುಭಾಗ 2024ರ ಜುಲೈನಲ್ಲಿ ಬಿಡುಗಡೆಯಾದ 6.10 ಆವೃತ್ತಿಯ ಹೊತ್ತಿಗೆ ಕೂಡಿಕೊಂಡಿತು. ಇದರ ತಿರುಳಿರುವುದು ವಿಲೋಮ ನಕ್ಷೆಯಲ್ಲಿ. ಫೈಲಿನ ದಾಖಲೆ ‘ನನ್ನ ಮಾಹಿತಿ ಇಂತಿಂಥ ಬ್ಲಾಕುಗಳಲ್ಲಿದೆ’ ಎಂದು ಹೇಳಿದರೆ, ವಿಲೋಮ ನಕ್ಷೆ ‘ಈ ಬ್ಲಾಕಿನ ಒಡೆಯ ಇಂಥ ಫೈಲು’ ಎಂದು ಹೇಳುತ್ತದೆ. ದಿನವಹಿ ಪುಸ್ತಕವಿದ್ದರೆ ಹರಿದುಹೋದ ಖಾತೆ ಪುಸ್ತಕವನ್ನು ಮತ್ತೆ ಬರೆದುಕೊಳ್ಳಬಹುದಾದಂತೆ, ಇವೆರಡರಲ್ಲಿ ಒಂದು ಕೆಟ್ಟರೆ ಇನ್ನೊಂದರಿಂದ ಅದನ್ನು ಮರುಕಟ್ಟಬಹುದು. ಕರ್ನಲ್ ತಾನೇ ಪರೀಕ್ಷಕನಾಗಿರುವುದರಿಂದ, ಪರೀಕ್ಷಿಸಬೇಕಾದ ತುಣುಕಿಗೆ ಮಾತ್ರ ಬೀಗ ಹಾಕಿ, ಮೆಮೊರಿಯಲ್ಲಿರುವ ಇತ್ತೀಚಿನ ಸ್ಥಿತಿಯನ್ನೇ ನೋಡಬಲ್ಲದು. ಹಿಂದೆ ಹೇಳಿದ ಅರ್ಧ ಹಳೆಯ ಚಿತ್ರದ ಸಮಸ್ಯೆ ಇಲ್ಲಿಲ್ಲ. ದುರಸ್ತಿಯನ್ನೂ ಕೆಟ್ಟ ರಚನೆಯನ್ನು ಅಲ್ಲಲ್ಲೇ ತೇಪೆ ಹಾಕುತ್ತ ಮಾಡುವುದಿಲ್ಲ. ಹೊಸ ರಚನೆಯನ್ನು ಬೇರೆ ಜಾಗದಲ್ಲಿ ಪೂರ್ತಿಯಾಗಿ ಕಟ್ಟಿ, ಕೊನೆಗೆ ಒಂದೇ ಏಟಿಗೆ ಹಳೆಯದರ ಜಾಗದಲ್ಲಿ ಕೂರಿಸುತ್ತದೆ. ನಡುವೆ ವಿದ್ಯುತ್ ಹೋದರೂ ಎರಡರಲ್ಲಿ ಒಂದು ಇಡಿಯಾಗಿ ಉಳಿದಿರುತ್ತದೆ.

ಇಷ್ಟೆಲ್ಲ ಇದ್ದರೂ ಎಕ್ಸ್‌ಎಫ್‌ಎಸ್ ಫೈಲಿನೊಳಗಿನ ಮಾಹಿತಿಗೆ ಚೆಕ್‌ಸಮ್ ಇಡುವುದಿಲ್ಲ, ರಚನೆಯ ಮಾಹಿತಿಗೆ ಮಾತ್ರ ಇಡುತ್ತದೆ. ಅದರ ತಪಾಸಣೆ ಮೂರನೆಯ ಪ್ರಶ್ನೆಗೆ ಚೆನ್ನಾಗಿ ಉತ್ತರಿಸುತ್ತದೆ, ಎರಡನೆಯದಕ್ಕೆ ಅರ್ಧ ಮಾತ್ರ. ಝಡ್‌ಎಫ್‌ಎಸ್‌ನದು ಹೆಚ್ಚುಕಡಿಮೆ ಇದರ ತಿರುಗುಮುರುಗು. ವಿಲೋಮ ನಕ್ಷೆಯಿಲ್ಲದೆ ಫಾರ್ಮ್ಯಾಟ್ ಮಾಡಿದ ಹಳೆಯ ಎಕ್ಸ್‌ಎಫ್‌ಎಸ್ ಡಿಸ್ಕಿನಲ್ಲಿ, ಕರ್ನಲ್ ಎಷ್ಟೇ ಹೊಸದಾಗಿದ್ದರೂ, ಮರುಕಟ್ಟುವ ಶಕ್ತಿ ಬಹಳ ಮಟ್ಟಿಗೆ ಇರುವುದಿಲ್ಲ. ಎಕ್ಸ್‌ಎಫ್‌ಎಸ್‌ನ ಉಪಕರಣಗಳ ಕಟ್ಟಾದ ಎಕ್ಸ್‌ಎಫ್‌ಎಸ್‌ಪ್ರಾಗ್ಸ್‌ನ 2023ರ 6.5 ಆವೃತ್ತಿಯಿಂದೀಚೆಗೆ ವಿಲೋಮ ನಕ್ಷೆ ಸಹಜವಾಗಿಯೇ ಸೇರಿರುತ್ತದೆ. ಸರ್ವರ್‌ಗಳನ್ನು ನೋಡಿಕೊಳ್ಳುವವರು ಡಿಸ್ಕ್ ಬದಲಾಯಿಸುವ ಸಂದರ್ಭ ಬಂದಾಗ ಹಳೆಯ ಫೈಲ್ ಸಿಸ್ಟಮ್ಮನ್ನು ಬ್ಲಾಕ್ ಬ್ಲಾಕಾಗಿ ನಕಲಿಸದೆ, ಹೊಸದಾಗಿ ಫಾರ್ಮ್ಯಾಟ್ ಮಾಡಿ ಫೈಲುಗಳನ್ನು ಸಾಗಿಸುವುದು ಒಳ್ಳೆಯದೆಂದು ನಾನು ಹೇಳುವುದು ಇದಕ್ಕಾಗಿಯೇ.

ಎರಡನೆಯ ದಾಖಲೆ ಪುಕ್ಕಟೆ ಬರುವುದಿಲ್ಲ. ಅದು ಜಾಗ ತಿನ್ನುತ್ತದೆ, ಪ್ರತಿಯೊಂದು ಬದಲಾವಣೆಗೂ ಇನ್ನೊಂದು ಬರಹವನ್ನು ಸೇರಿಸುತ್ತದೆ. ತಪಾಸಣೆ ನಡೆಯುವಾಗ ಡಿಸ್ಕಿನ ಸಮಯವನ್ನು ಬಳಕೆದಾರರೊಂದಿಗೆ ಹಂಚಿಕೊಳ್ಳಬೇಕು. ಆದ್ದರಿಂದ ಕಡಿಮೆ ಆದ್ಯತೆಯಲ್ಲಿ, ಕೆಲಸ ಕಡಿಮೆಯಿರುವ ಹೊತ್ತಿನಲ್ಲಿ ನಡೆಸುವುದು ವಾಡಿಕೆ. ವರ್ಚುವಲ್ ಯಂತ್ರಗಳಲ್ಲಿ (ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್‌ನಿಂದ ಕಟ್ಟಿದ ಕಂಪ್ಯೂಟರುಗಳಲ್ಲಿ) ಇನ್ನೊಂದು ಎಚ್ಚರ ಬೇಕು: ಒಂದೇ ಸಂಗ್ರಹ ವ್ಯವಸ್ಥೆಯನ್ನು ಹಂಚಿಕೊಂಡಿರುವ ಹತ್ತಾರು ಯಂತ್ರಗಳು ಒಂದೇ ಗಂಟೆಗೆ ಸ್ಕ್ರಬ್ ಶುರುಮಾಡಿದರೆ ಎಲ್ಲವೂ ನಿಧಾನವಾಗುತ್ತವೆ. ಅಂಥ ಯಂತ್ರದೊಳಗಿನಿಂದ ನಿಜವಾದ ಡಿಸ್ಕಿನ ಸ್ಮಾರ್ಟ್ ಮಾಹಿತಿಯೂ ಸಾಮಾನ್ಯವಾಗಿ ಕಾಣುವುದಿಲ್ಲ.

ದೋಷ ಕಂಡಾಗ ಮಾಡುವ ಕೆಲಸಗಳ ಕ್ರಮವೂ ಮುಖ್ಯ. ದುರಸ್ತಿ ಎಂದರೆ ಡಿಸ್ಕಿಗೆ ಬರೆಯುವುದು. ಸೆಕ್ಟರುಗಳು ಒಂದೊಂದಾಗಿ ಸಾಯುತ್ತಿರುವ ಡಿಸ್ಕಿನ ಮೇಲೆ ರಚನೆಯನ್ನು ದುರಸ್ತಿ ಮಾಡಲು ಹೊರಟರೆ ಉಳಿದದ್ದೂ ಹೋಗಬಹುದು. ಹಾಗಾಗಿ ಮೊದಲು ಸ್ಮಾರ್ಟ್ ಏನು ಹೇಳುತ್ತದೆಂದು ನೋಡಿ, ಅಲ್ಲಿ ಓದಲಾಗದ ಸೆಕ್ಟರುಗಳ ಎಣಿಕೆ ಏರುತ್ತಿದ್ದರೆ ಬರಹವನ್ನು ನಿಲ್ಲಿಸಿ, ಇನ್ನೊಂದು ಡಿಸ್ಕಿಗೆ ಪ್ರತಿ ತೆಗೆದುಕೊಂಡು, ದುರಸ್ತಿಯನ್ನು ಆ ಪ್ರತಿಯ ಮೇಲೆ ಮಾಡಬೇಕು. ಬಿಟಿಆರ್‌ಎಫ್‌ಎಸ್‌ನ ದುರಸ್ತಿ ಆಯ್ಕೆಯನ್ನು ಬಲ್ಲವರ ಸಲಹೆಯಿಲ್ಲದೆ ಬಳಸಬಾರದೆಂದು ಅದರ ಕೈಪಿಡಿಯೇ ಹೇಳುತ್ತದೆ. ಆ ಮಾತಿಗೆ ಬೆಲೆ ಕೊಡಬೇಕು. ತಪಾಸಣೆ ಎಷ್ಟೇ ನಿಯತವಾಗಿ ನಡೆದರೂ ಬೇರೆ ಯಂತ್ರದಲ್ಲಿರುವ ಬ್ಯಾಕಪ್‌ನ ಜಾಗವನ್ನು ಅದು ತುಂಬಲಾರದು. ಆದರೆ ಬ್ಯಾಕಪ್‌ಗೆ ಕೆಟ್ಟ ಫೈಲೇ ಹೋಗಿ ಹಳೆಯ ಒಳ್ಳೆಯ ಪ್ರತಿ ಅಳಿಯುವ ಮೊದಲು ಎಚ್ಚರಿಸುವುದು ಈ ತಪಾಸಣೆಯೊಂದೇ.

ಒಂದು ಮಿತಿ ಮಾತ್ರ ಈ ಯಾವ ತಂತ್ರದಿಂದಲೂ ಪೂರ್ತಿ ನೀಗುವಂಥದ್ದಲ್ಲ. ಓಡುತ್ತಿರುವ ಫೈಲ್ ಸಿಸ್ಟಮ್ಮನ್ನು ಪರೀಕ್ಷಿಸುತ್ತಿರುವುದು ಅದನ್ನು ನಡೆಸುತ್ತಿರುವ ಅದೇ ಕರ್ನಲ್, ಅದೇ ಮೆಮೊರಿ, ಅದೇ ಕಂಟ್ರೋಲರ್. ದೋಷದ ಮೂಲ ಅಲ್ಲೇ ಇದ್ದರೆ ಪರೀಕ್ಷೆಯ ಫಲಿತಾಂಶವೂ ದುರಸ್ತಿಯೂ ಅದೇ ದೋಷಕ್ಕೆ ಒಳಗಾಗುತ್ತವೆ. ಫೈಲ್ ಸಿಸ್ಟಮ್ ಮೌಂಟ್ ಆಗದಷ್ಟು ಕೆಟ್ಟಾಗ ಓಡುತ್ತಿರುವ ತಪಾಸಣೆಗೆ ಅವಕಾಶವೇ ಇಲ್ಲ. ಆದ್ದರಿಂದ ಎಕ್ಸ್‌ಎಫ್‌ಎಸ್‌ನಲ್ಲಿ ಹಳೆಯ ರಿಪೇರ್ ಉಪಕರಣವನ್ನು ಕೈಬಿಟ್ಟಿಲ್ಲ, ವಿಂಡೋಸ್‌ನಲ್ಲಿ ಪೂರ್ಣ ಚೆಕ್‌ಡಿಸ್ಕ್ ಉಳಿದೇ ಇದೆ. ಒಮ್ಮೆ ಸರಿಪಡಿಸಿದ ದೋಷ ಮುಂದಿನ ವಾರದ ಸ್ಕ್ರಬ್‌ನಲ್ಲಿ ಬೇರೊಂದು ಜಾಗದಲ್ಲಿ ಮತ್ತೆ ಕಾಣಿಸಿಕೊಂಡರೆ, ಡಿಸ್ಕನ್ನು ಮೂರನೆಯ ಸಲ ಪರೀಕ್ಷಿಸುವುದರಲ್ಲಿ ಅರ್ಥವಿಲ್ಲ. ಯಂತ್ರವನ್ನು ನಿಲ್ಲಿಸಿ ಮೆಮೊರಿಯನ್ನೂ ಕೇಬಲ್ಲನ್ನೂ ಪರೀಕ್ಷಿಸಿ, ಆ ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿ ನೋಡಬೇಕು.